ಬಾಲಗಂಧರ್ವ: ರಂಗಭೂಮಿಯಿಂದ ಬೆಳ್ಳಿತೆರೆಗೆ

ಹಳೆಯ ಧ್ವನಿಮುದ್ರಿಕೆಗಳನ್ನು ಬಾನುಲಿಯಲ್ಲಿ ಕೇಳುವ ಹವ್ಯಾಸ ನಿಮಗಿದ್ದರೆ ಒಂದು ಕಂಠ ನಿಮಗೆ ಪರಿಚಿತವಾಗಿಯೇ ಇರಬೇಕು. ಮೊದಲು ತಟ್ಟೆಯ ಮೇಲೆ ಮುಳ್ಳು ಕೆರೆಯುವ ಸದ್ದು. ಆಮೇಲೆ ಆರ್ಗನ್ನಿನ ಸ್ವರ, ಅದಕ್ಕೆ ಹೊಂದಿಕೊಂಡು ಸಾರಂಗಿ. ಅನಂತರ ಯಾವ ಆರ್ಭಟವೂ ಇಲ್ಲದೆ, ಪಕ್ಕದ ಕೋಣೆಯಲ್ಲಿ ಯಾರೋ ತಮ್ಮಷ್ಟಕ್ಕೆ ಹಾಡಿಕೊಂಡಂತೆ, ಒಂದು ಸಣ್ಣ ಇಂಪಾದ ದನಿ. ಹಾಡು ಮರಾಠಿಯದು. ಅದರ ಮಾತು ತಿಳಿಯದವರೂ ಆ ಮೂರು ನಿಮಿಷ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಕುಳಿತುಕೊಳ್ಳುತ್ತಾರೆ. ಹಾಡಿದವರು ಹೆಂಗಸೇ ಗಂಡಸೇ ಎಂದು ಹೊಸಬರು ಕೇಳುವುದೂ ಉಂಟು. ಹಾಡು ಮುಗಿದ ಮೇಲೆ ನಿಲಯದವರು ಹೆಸರು ಹೇಳುತ್ತಾರೆ: ಬಾಲಗಂಧರ್ವ.

ಅವರ ನಿಜವಾದ ಹೆಸರು ನಾರಾಯಣ ಶ್ರೀಪಾದ ರಾಜಹಂಸ. 1888ರ ಜೂನ್ 26ರಂದು ಹುಟ್ಟಿ 1967ರ ಜುಲೈ 15ರಂದು ತೀರಿಕೊಂಡ ಈ ನಟರು ಸುಮಾರು ಮೂವತ್ತು ವರ್ಷ ಮರಾಠಿ ಸಂಗೀತ ನಾಟಕದ ನಾಯಿಕೆಯಾಗಿ ಮೆರೆದರು. ಆದರೆ ಅವರು ಬೆಳ್ಳಿತೆರೆಯ ಮೇಲೆ ಕಾಲಿಟ್ಟಾಗ, ರಂಗದಲ್ಲಿ ಅವರನ್ನು ತಲೆಯ ಮೇಲೆ ಹೊತ್ತ ಜನವೇ ಮುಖ ತಿರುಗಿಸಿದರು. ಇಷ್ಟು ದೊಡ್ಡ ನಟನಿಗೆ ಹೀಗೇಕಾಯಿತು? ಕಲಿತ ವಿದ್ಯೆ ಅದೇ, ಕಂಠವೂ ಅದೇ. ಹಾಗಾದರೆ ಕೊರತೆಯಾದದ್ದು ಯಾವುದು? ಈ ಪ್ರಶ್ನೆಯನ್ನು ನಿಮ್ಮ ಮುಂದಿಟ್ಟು ಅವರ ಕಥೆಯನ್ನು ಹೇಳಬೇಕೆಂದಿದ್ದೇನೆ.

ಕಥೆಯ ಮೂಲ ನಮ್ಮ ನಾಡಿನಲ್ಲಿಯೇ ಇದೆ. ಮರಾಠಿ ಸಂಗೀತ ನಾಟಕಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಅವರು ಕಾಳಿದಾಸನ ಶಾಕುಂತಲವನ್ನು ಮರಾಠಿಗೆ ತಂದು ಪುಣೆಯಲ್ಲಿ ಆಡಿಸಿದಾಗ ಪಾತ್ರಧಾರಿಗಳು ತಾವೇ ಹಾಡಿದರು. ಅದಕ್ಕೆ ಮೊದಲು ಸೂತ್ರಧಾರನೇ ಎಲ್ಲರ ಪರವಾಗಿ ಹಾಡುವ ರೂಢಿಯಿತ್ತು. ಹಿಂದುಸ್ತಾನಿ ರಾಗಗಳು, ಕೀರ್ತನಕಾರರ ವರಸೆಗಳು, ಲಾವಣಿಗಳು, ಇವುಗಳ ಜೊತೆಗೆ ಕನ್ನಡದ ಧಾಟಿಗಳನ್ನೂ ಕಿರ್ಲೋಸ್ಕರರು ಧಾರಾಳವಾಗಿ ಬಳಸಿಕೊಂಡರು. ಅಂದಿನಿಂದ ನಟನಾಗಬೇಕೆಂಬುವನಿಗೆ ಮುಖಲಕ್ಷಣವಷ್ಟೇ ಸಾಲದಾಯಿತು. ರಾಗತಾಳಗಳ ಪಾಠವೂ ಬೇಕಾಯಿತು.

ನಾರಾಯಣ ಚಿಕ್ಕಂದಿನಲ್ಲಿಯೇ ಹಾಡುತ್ತಿದ್ದ. ಪುಣೆಯಲ್ಲಿ ಹುಡುಗನ ಹಾಡನ್ನು ಕೇಳಿದ ಲೋಕಮಾನ್ಯ ತಿಲಕರು ಅವನನ್ನು ‘ಬಾಲಗಂಧರ್ವ’ ಎಂದು ಕರೆದರಂತೆ. ಆ ಹೆಸರೇ ಎಪ್ಪತ್ತೊಂಬತ್ತರ ಮುಪ್ಪಿನವರೆಗೂ ನಿಂತಿತು. ಹುಡುಗನಿಗೆ ಕಿವಿಯ ತೊಂದರೆಯಿತ್ತು. ಕೊಲ್ಹಾಪುರದ ಶಾಹೂ ಮಹಾರಾಜರು ಅವನನ್ನು ಚಿಕಿತ್ಸೆಗಾಗಿ ಮೀರಜಿಗೆ ಕಳುಹಿಸಿದರು. ಅದೇ ಕಾಲಕ್ಕೆ ಕಿರ್ಲೋಸ್ಕರ ನಾಟಕ ಮಂಡಳಿ ಒಬ್ಬ ನಾಯಿಕಾ ನಟನನ್ನು ಹುಡುಕುತ್ತಿತ್ತು. ಅದರ ಪ್ರಸಿದ್ಧ ಸ್ತ್ರೀಪಾತ್ರಧಾರಿ ಭಾವೂರಾವ್ ಕೊಲ್ಹಟಕರರು 1901ರಲ್ಲಿ ತೀರಿಕೊಂಡಿದ್ದರು. ಹೀಗೆ 1905ರಲ್ಲಿ, ಹದಿನೇಳರ ಹೊಸ್ತಿಲಿನಲ್ಲಿ, ಬಾಲಗಂಧರ್ವರು ಮಂಡಳಿಯನ್ನು ಸೇರಿ ಮೀರಜಿನಲ್ಲಿ ಶಕುಂತಲೆಯಾಗಿ ರಂಗಕ್ಕೆ ಬಂದರು.

ಅವರಿಗೆ ಸಿಕ್ಕ ಗುರುಗಳು ಭಾಸ್ಕರಬುವಾ ಬಖಲೆ. ಈ ಗುರುಗಳ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಿಬಿಡುವಂತಿಲ್ಲ. ಭಾಸ್ಕರಬುವಾ ಬಾಲ್ಯದಲ್ಲಿ ಇದೇ ಕಿರ್ಲೋಸ್ಕರ ಮಂಡಳಿಯ ಬಾಲನಟರು. ಗಂಟಲು ಒಡೆದು ದನಿ ಕೆಟ್ಟಾಗ ಮಂಡಳಿಯಲ್ಲಿ ಅವರಿಗೆ ಜಾಗವಿಲ್ಲದಾಯಿತು. ಆ ನೋವನ್ನು ನುಂಗಿಕೊಂಡು ಅವರು ಉಸ್ತಾದರ ಮನೆಬಾಗಿಲುಗಳಿಗೆ ಹೋಗಿ ವರ್ಷಗಟ್ಟಲೆ ಸೇವೆ ಮಾಡಿ ವಿದ್ಯೆ ಗಳಿಸಿದರು. ಅವರ ಗುರುಗಳಲ್ಲೊಬ್ಬರಾದ ಆಗ್ರಾ ಘರಾಣೆಯ ನತ್ಥನ್ ಖಾನರು ಮೈಸೂರು ಆಸ್ಥಾನದಲ್ಲಿದ್ದವರು. ಮುಂದೆ ಭಾಸ್ಕರಬುವಾ ಧಾರವಾಡದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಕೆಲಕಾಲ ಸಂಗೀತ ಕಲಿಸಿದರು. ಆ ಊರಿನಲ್ಲಿ ಹಿಂದುಸ್ತಾನಿ ಸಂಗೀತ ಬೇರು ಬಿಡುವುದಕ್ಕೆ ಅದೂ ಒಂದು ಕಾರಣವೆಂದು ಬಲ್ಲವರು ಹೇಳುತ್ತಾರೆ. ನಾಟಕದಿಂದ ಹೊರಬಿದ್ದ ಹುಡುಗನೇ ದೊಡ್ಡ ಗವಾಯಿಯಾಗಿ ಬಂದು, ಅದೇ ನಾಟಕದ ಇನ್ನೊಬ್ಬ ಹುಡುಗನಿಗೆ ಪಾಠ ಹೇಳಿದ್ದು ವಿಧಿಯ ವಿಚಿತ್ರವಲ್ಲವೇ?

ಆ ಪಾಠದಿಂದ ಶಿಷ್ಯನಿಗೆ ದಕ್ಕಿದ್ದೇನು? ಖ್ಯಾಲಿನ ಬೆಳವಣಿಗೆ, ತಾನುಗಳ ಓಟ, ಲಯದ ಹಿಡಿತ, ಇವೆಲ್ಲ ದಕ್ಕಿದವು. ಆದರೆ ಬೈಠಕ್ಕಿನ ಗವಾಯಿ ಒಂದು ರಾಗಕ್ಕೆ ಗಂಟೆಗಟ್ಟಲೆ ಕುಳಿತರೂ ಕೇಳುವವರಿದ್ದಾರೆ. ನಾಟಕದಲ್ಲಿ ಹಾಗಲ್ಲ. ರುಕ್ಮಿಣಿ ಹಾಡುತ್ತಿದ್ದರೆ ಅವಳು ರುಕ್ಮಿಣಿಯಾಗಿಯೇ ಉಳಿಯಬೇಕು; ತಾನು ಬಂತೆಂದು ಮುಖ ಕಿವುಚುವಂತಿಲ್ಲ, ಕೈ ಬೀಸುವಂತಿಲ್ಲ. ಬಾಲಗಂಧರ್ವರು ರಾಗದ ವಿಸ್ತಾರವನ್ನು ಮಾತಿನ ಅರ್ಥಕ್ಕೆ ಕಟ್ಟಿಹಾಕಿದರು. ಒಂದೇ ಪದವನ್ನು ಹತ್ತು ಸಲ ಹಾಡಿದರೆ ಹತ್ತು ಸಲವೂ ಬೇರೆ ಬೇರೆ ಭಾವ: ಒಮ್ಮೆ ಲಜ್ಜೆ, ಒಮ್ಮೆ ಹುಸಿಮುನಿಸು, ಒಮ್ಮೆ ಅಳು. ಗಂಡಸಿನ ದನಿಯನ್ನು ಕೃತಕವಾಗಿ ಏರಿಸಿ ಹೆಣ್ಣಿನ ದನಿಯನ್ನು ಅಣಕಿಸುವ ಗೋಜಿಗೆ ಅವರು ಹೋಗಲಿಲ್ಲ. ತಮ್ಮ ದನಿಯಲ್ಲಿಯೇ ಹಾಡಿದರು. ಹೆಣ್ಣಿನ ಮನಸ್ಸನ್ನು ಮಾತ್ರ ಹಾಡಿನಲ್ಲಿ ತಂದರು.

ಈ ಹಾಡುಗಾರಿಕೆ ಬೆಳೆದದ್ದು ಪ್ರೇಕ್ಷಕರ ಜೊತೆಯಲ್ಲಿ. ‘ಒನ್ಸ್ ಮೋರ್’ ಎಂಬ ಕೂಗನ್ನು ನಮ್ಮ ಹಿರಿಯರು ಬಲ್ಲರು. ಮೈಸೂರು ಸೀಮೆಯಲ್ಲಿ ವರದಾಚಾರ್ಯರ ನಾಟಕಗಳಿಗೆ ಹೋಗಿ ಬಂದವರು ಅದನ್ನು ಮಕ್ಕಳಿಗೆ ಕಥೆಯಾಗಿ ಹೇಳುತ್ತಿದ್ದರು. ಬಾಲಗಂಧರ್ವರ ನಾಟಕದಲ್ಲಿ ಒಂದು ಪದಕ್ಕೆ ಮೂರು ನಾಲ್ಕು ಒನ್ಸ್ ಮೋರ್ ಬೀಳುವುದು ದಿನದ ಮಾತಾಗಿತ್ತು. ಪ್ರತಿ ಸಲವೂ ಹಾಡು ಹೊಸದಾಗಿ ಹೊರಡುತ್ತಿತ್ತು. ಮುಂದಿನ ಸಾಲಿನಲ್ಲಿ ಕುಳಿತ ರಸಿಕನ ತಲೆದೂಗನ್ನು ನೋಡಿ ನಟನಿಗೊಂದು ಹೊಸ ಎಳೆ ಹೊಳೆಯುತ್ತಿತ್ತು. ಆ ಎಳೆಯನ್ನು ಕೇಳಿ ಹಿಂದಿನ ಸಾಲಿನವರು ಮತ್ತೆ ಕೂಗುತ್ತಿದ್ದರು. ರಾತ್ರಿ ಆರಂಭವಾದ ಆಟ ಮುಗಿಯುವ ಹೊತ್ತಿಗೆ ಬೆಳಗಿನ ಜಾವವಾಗಿರುತ್ತಿತ್ತು.

ಕೃಷ್ಣಾಜಿ ಪ್ರಭಾಕರ ಖಾಡಿಲಕರರ ‘ಮಾನಾಪಮಾನ’ ಮೊದಲ ಸಲ ರಂಗಕ್ಕೆ ಬಂದದ್ದು 1911ರ ಮಾರ್ಚ್ 12ರಂದು, ಮುಂಬಯಿಯಲ್ಲಿ. ಗೋವಿಂದರಾವ್ ಟೆಂಬೆ ಅದಕ್ಕೆ ಹೊಸ ಬಗೆಯ ಧಾಟಿಗಳನ್ನು ಹೊಂದಿಸಿದ್ದರು. ಆ ದಿನವೇ ಬಾಲಗಂಧರ್ವರ ಪುಟ್ಟ ಮಗಳು ತೀರಿಕೊಂಡಳು. ಆಟವನ್ನು ಮುಂದೂಡೋಣವೆಂದು ಮಂಡಳಿಯವರು ಅಂದರು; ಅವರು ಒಪ್ಪಲಿಲ್ಲ. ಬಂದ ಜನರನ್ನು ಹಿಂದಕ್ಕೆ ಕಳುಹಿಸುವುದು ಬೇಡವೆಂದು ಭಾಮಿನಿಯ ವೇಷ ಹಾಕಿ ನಿಂತರು. ಅಂದು ನಾಟಕ ಗೆದ್ದಿತು. ಇದನ್ನು ಕರ್ತವ್ಯನಿಷ್ಠೆಯೆಂದು ಹೊಗಳುವವರಿದ್ದಾರೆ. ನನಗೆ ಅದರಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಎದುರಿಗೆ ಕುಳಿತ ಜನ ಆ ಮನುಷ್ಯನಿಗೆ ಬರಿಯ ಗಿರಾಕಿಗಳಾಗಿರಲಿಲ್ಲ. ದುಃಖದ ದಿನವೂ ಅವರ ಮುಂದೆ ನಿಂತರೇ ಅವರಿಗೆ ಸಮಾಧಾನ.

1913ರಲ್ಲಿ ಗಣಪತರಾವ್ ಬೋಡಸ್ ಮತ್ತು ಟೆಂಬೆಯವರೊಡನೆ ಸೇರಿ ಬಾಲಗಂಧರ್ವರು ತಮ್ಮದೇ ಆದ ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. 1916ರಲ್ಲಿ ಖಾಡಿಲಕರರ ‘ಸ್ವಯಂವರ’ ಬಂದಿತು. ಅದಕ್ಕೆ ರಾಗಗಳನ್ನು ಹೊಂದಿಸಿದವರು ಸ್ವತಃ ಭಾಸ್ಕರಬುವಾ. ಐವತ್ತರ ಆಸುಪಾಸಿನ ಪದಗಳು, ಅವುಗಳಲ್ಲಿ ಎಷ್ಟೋ ಪದಗಳು ಖ್ಯಾಲಿನ ಬಂದಿಶ್‌ಗಳ ಅಚ್ಚಿನಲ್ಲಿ ಎರಕ ಹೊಯ್ದವು. ರಾಗದ ಹೆಸರನ್ನೇ ಅರಿಯದ ಅಂಗಡಿಕಾರರೂ ಗುಮಾಸ್ತರೂ ಗೃಹಿಣಿಯರೂ ಈ ನಾಟಕಗಳ ಮೂಲಕ ರಾಗಸಂಗೀತಕ್ಕೆ ಕಿವಿಗೊಟ್ಟರು. 1919ರಲ್ಲಿ ರಾಮ ಗಣೇಶ ಗಡಕರಿಯವರ ‘ಏಕಚ್ ಪ್ಯಾಲಾ’ ಬಂದಿತು. ಕುಡುಕ ಗಂಡನ ಕೈಹಿಡಿದು ಬಡತನದಲ್ಲಿ ಬೇಯುವ ಸಿಂಧುವಿನ ಪಾತ್ರ ಅವರದು. ರೇಷ್ಮೆ ಜರತಾರಿಗಳಲ್ಲಿ ಮೆರೆದ ಅದೇ ನಟ ಹರಕು ಸೀರೆಯುಟ್ಟು ಬೀಸುವ ಕಲ್ಲಿನ ಮುಂದೆ ಕುಳಿತಾಗ ಸಭೆ ಕಣ್ಣೊರೆಸಿಕೊಂಡಿತು.

ಆ ಮಂಡಳಿಯ ವೈಭವದ ಕಥೆಗಳು ಹಲವು. ರಂಗದ ಮೇಲಿನ ಸೀರೆಗಳು ನಿಜವಾದ ರೇಷ್ಮೆಯವು, ಚೆಲ್ಲುವ ಅತ್ತರು ನಿಜವಾದ ಅತ್ತರು. ತಬಲಕ್ಕೆ ಅಹಮದ್ ಜಾನ್ ತಿರಕವಾ, ಸಾರಂಗಿಗೆ ಕಾದರ ಬಕ್ಷ್. ಬೇರೆಯವರು ಸಂಗೀತ ಸಭೆಗೆ ಕರೆಸಲು ಹಂಬಲಿಸುವಂಥ ಕಲಾವಿದರು ಇಲ್ಲಿ ನಾಟಕದ ಪಕ್ಕವಾದ್ಯಕ್ಕೆ ಕುಳಿತಿದ್ದರು. ಬಾಲಗಂಧರ್ವರು ಸೀರೆಯುಟ್ಟ ರೀತಿಯನ್ನೂ ಮುಡಿಗೆ ಹೂ ಸುತ್ತಿದ ರೀತಿಯನ್ನೂ ಪುಣೆ ಮುಂಬಯಿಗಳ ಗೃಹಿಣಿಯರು ನೋಡಿ ಕಲಿತರು. ಆದರೆ ಈ ವೈಭವಕ್ಕೆ ಬೆಲೆ ತೆರಬೇಕಾಯಿತು. ಲೆಕ್ಕಪತ್ರದ ಕಡೆಗೆ ಅವರಿಗೆ ಗಮನವಿರಲಿಲ್ಲ. ಪಾಲುಗಾರರು ಒಬ್ಬೊಬ್ಬರಾಗಿ ಹೊರಟುಹೋದರು. 1921ರ ಹೊತ್ತಿಗೆ ಮಂಡಳಿಯೂ ಅದರ ಲಕ್ಷಗಟ್ಟಲೆ ಸಾಲವೂ ಅವರೊಬ್ಬರ ಹೆಗಲಿಗೆ ಬಿದ್ದವು. ವರ್ಷಗಟ್ಟಲೆ ಆಟವಾಡಿ ಅದನ್ನು ತೀರಿಸಿದರು.

ಅದೇ 1921ರ ಜುಲೈ 8ರಂದು ಮುಂಬಯಿಯಲ್ಲಿ ಒಂದು ಅಪರೂಪದ ಆಟ ನಡೆಯಿತು. ತಿಲಕ್ ಸ್ವರಾಜ್ಯ ನಿಧಿಗಾಗಿ ಎರಡು ಪ್ರತಿಸ್ಪರ್ಧಿ ಮಂಡಳಿಗಳು ಒಂದಾಗಿ ‘ಮಾನಾಪಮಾನ’ವನ್ನು ಆಡಿದವು. ಬಾಲಗಂಧರ್ವರ ಭಾಮಿನಿಗೆ ಎದುರಾಗಿ ಧೈರ್ಯಧರನಾಗಿ ನಿಂತವರು ‘ಲಲಿತಕಲಾದರ್ಶ’ ಮಂಡಳಿಯ ಕೇಶವರಾವ್ ಭೋಸಲೆ. ಈ ಲಲಿತಕಲಾದರ್ಶ 1908ರಲ್ಲಿ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಮೂರು ತಿಂಗಳೊಳಗೆ, ಮೂವತ್ತೊಂದು ವರ್ಷಕ್ಕೇ, ಕೇಶವರಾಯರು ತೀರಿಕೊಂಡರು. ಅವರಿಬ್ಬರ ಆ ಜೋಡಿ ಮತ್ತೆ ಕಾಣದಾಯಿತು.

ಇನ್ನು ಬೆಳ್ಳಿತೆರೆಯ ಮಾತು. 1931ರಲ್ಲಿ ‘ಆಲಂ ಆರಾ’ ಬಂದು ಚಿತ್ರಗಳಿಗೆ ಮಾತು ಬಂದಿತು. ಮರುವರ್ಷವೇ ಪ್ರಭಾತ್ ಸಂಸ್ಥೆಯ ‘ಅಯೋಧ್ಯೇಚಾ ರಾಜಾ’ ಮರಾಠಿಯಲ್ಲಿ ಮಾತನಾಡಿತು. ಅದರಲ್ಲಿ ಹರಿಶ್ಚಂದ್ರನಾದವರು ಅದೇ ಗೋವಿಂದರಾವ್ ಟೆಂಬೆ. ತಾರಾಮತಿಯಾದವರು ದುರ್ಗಾ ಖೋಟೆ. ಈ ಎರಡನೆಯ ಹೆಸರನ್ನು ಗಮನಿಸಿ. ತೆರೆಯ ಮೇಲೆ ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬಂದಳು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡಿತು. ಅದು ತಯಾರಾದದ್ದೂ ಕೊಲ್ಹಾಪುರದ ಸ್ಟುಡಿಯೋದಲ್ಲಿಯೇ. ನಾಟಕದಲ್ಲಿ ಪಳಗಿದ ಆರ್. ನಾಗೇಂದ್ರರಾಯರು ರಾವಣನಾಗಿ, ಎಂ. ವಿ. ಸುಬ್ಬಯ್ಯನಾಯ್ಡು ಅವರು ಇಂದ್ರಜಿತುವಾಗಿ ಗೆದ್ದು ಬಂದರು; ಸುಲೋಚನೆಯಾದವರು ತ್ರಿಪುರಾಂಬ. ಅಂದಮೇಲೆ ನಾಟಕದವರೆಲ್ಲ ತೆರೆಯ ಮೇಲೆ ಸೋತರು ಎನ್ನುವಂತಿಲ್ಲ.

ಪೇಟೆ ಪೇಟೆಗಳಲ್ಲಿ ನಾಟಕಶಾಲೆಗಳು ಚಿತ್ರಮಂದಿರಗಳಾಗಿ ಮಾರ್ಪಟ್ಟವು. ನಾಲ್ಕಾಣೆಗೆ ಚಿತ್ರ ನೋಡಬಹುದಾದಾಗ ರಾತ್ರಿಯಿಡೀ ನಡೆಯುವ ದುಬಾರಿ ನಾಟಕಕ್ಕೆ ಜನ ಕಡಿಮೆಯಾದರು. ಕೊನೆಗೆ ಬಾಲಗಂಧರ್ವರು ನಾಟಕವನ್ನು ನಿಲ್ಲಿಸಿ ಪ್ರಭಾತ್ ಸಂಸ್ಥೆಯೊಡನೆ ಕರಾರು ಮಾಡಿಕೊಂಡರು. 1935ರಲ್ಲಿ ವಿ. ಶಾಂತಾರಾಂ ನಿರ್ದೇಶನದ ‘ಧರ್ಮಾತ್ಮಾ’ ಬಂದಿತು. ಅವರ ಪಾತ್ರ ಪೈಠಣದ ಸಂತ ಏಕನಾಥರದು: ಜಾತಿಯ ಕಟ್ಟಳೆಯನ್ನು ಮೀರಿ, ಊರು ದೂರವಿಟ್ಟವರ ಮನೆಯಲ್ಲಿ ಉಣ್ಣಲು ಹೋದ ಸಂತ. ಚಿತ್ರಕ್ಕೆ ಮೊದಲಿಟ್ಟ ಹೆಸರು ‘ಮಹಾತ್ಮಾ’. ಅದು ಗಾಂಧೀಜಿಯವರನ್ನು ನೆನಪಿಸುತ್ತದೆಂದು ಸೆನ್ಸಾರಿನವರು ತಕರಾರು ತೆಗೆದುದರಿಂದ ಹೆಸರನ್ನು ಬದಲಿಸಬೇಕಾಯಿತು. ಸಂಗೀತ ಭಾಸ್ಕರಬುವಾ ಅವರ ಇನ್ನೊಬ್ಬ ಶಿಷ್ಯ ಮಾಸ್ಟರ್ ಕೃಷ್ಣರಾಯರದು. ಕಥೆ, ನಿರ್ದೇಶಕ, ಸಂಗೀತ, ಯಾವುದರಲ್ಲಿಯೂ ಕಡಿಮೆಯಿರಲಿಲ್ಲ. ಆದರೂ ಜನಕ್ಕೆ ತೃಪ್ತಿಯಾಗಲಿಲ್ಲ.

ಅದಕ್ಕೆ ಕಾರಣಗಳು ಕಣ್ಣಿಗೆ ಕಾಣುವಂಥವೇ. ಮೂವತ್ತು ವರ್ಷ ನಾಯಿಕೆಯಾಗಿ ನೋಡಿದವರನ್ನು ಗಂಡುಡುಗೆಯ ಸಂತನನ್ನಾಗಿ ನೋಡಲು ಜನರ ಮನಸ್ಸು ಒಪ್ಪಲಿಲ್ಲ. ನಾಗೇಂದ್ರರಾಯರಿಗಾಗಲಿ ಟೆಂಬೆಯವರಿಗಾಗಲಿ ಈ ತೊಡಕು ಬರಲಿಲ್ಲ. ಅವರು ತೆರೆಗೆ ತಂದದ್ದು ಗಂಡುಪಾತ್ರಗಳನ್ನು. ಎರಡನೆಯದು ಹಾಡಿನ ಮಾತು. ಚಿತ್ರದ ಹಾಡಿಗೆ ಫಿಲ್ಮಿನ ಅಡಿ ಲೆಕ್ಕವುಂಟು. ಅರ್ಧಗಂಟೆ ಅರಳುತ್ತಿದ್ದ ಪದ ಕೆಲವೇ ನಿಮಿಷಕ್ಕೆ ಮುಗಿಯಬೇಕು. ನಿಂತಲ್ಲಿ ಇಷ್ಟೇ ಜಾಗ, ದೀಪದ ಬೆಳಕು ಇಲ್ಲಿಂದ ಇಲ್ಲಿಯವರೆಗೆ ಎಂಬ ಗೆರೆಗಳು ಬೇರೆ. ಎಲ್ಲಕ್ಕಿಂತ ಮುಖ್ಯವಾದದ್ದು ಮೂರನೆಯದು. ಸ್ಟುಡಿಯೋದಲ್ಲಿ ‘ಒನ್ಸ್ ಮೋರ್’ ಎಂದರೆ ‘ತಪ್ಪಾಯಿತು, ಇನ್ನೊಮ್ಮೆ ಮಾಡಿ’ ಎಂದರ್ಥ. ನಾಟಕಶಾಲೆಯಲ್ಲಿ ಅದರ ಅರ್ಥ ‘ಸೊಗಸಾಯಿತು, ಇನ್ನೊಮ್ಮೆ ಹಾಡಿ’ ಎಂದು. ತಲೆದೂಗುವವರಿಲ್ಲದ ಮೌನದಲ್ಲಿ, ಕಣ್ಣು ಮಿಟುಕಿಸದ ಯಂತ್ರದ ಮುಂದೆ, ಅವರ ವಿದ್ಯೆಗೆ ಉತ್ತರ ಕೊಡುವವರೇ ಇರಲಿಲ್ಲ.

ಕರಾರು ಒಂದೇ ಚಿತ್ರಕ್ಕೆ ಮುರಿಯಿತು. ಮುಂದೆ 1937ರಲ್ಲಿ ತಮ್ಮ ‘ಅಮೃತಸಿದ್ಧಿ’ ನಾಟಕವನ್ನೇ ‘ಸಾಧ್ವೀ ಮೀರಾಬಾಯಿ’ ಎಂಬ ಚಿತ್ರವಾಗಿ ತೆಗೆಸಿ ತಾವೇ ಮೀರೆಯಾದರು. ಆಗ ಅವರಿಗೆ ನಲವತ್ತೊಂಬತ್ತರ ಸಮೀಪ. ನಾಟಕಶಾಲೆಯ ಗ್ಯಾಸ್ ದೀಪಕ್ಕೂ ಹಿಂದಿನ ಸಾಲಿನ ದೂರಕ್ಕೂ ಮರೆಯಾಗುತ್ತಿದ್ದ ವಯಸ್ಸನ್ನು ಕ್ಯಾಮರಾ ಹತ್ತಿರದಿಂದ ತೋರಿಸಿಬಿಟ್ಟಿತು. ಅದೂ ನಿಲ್ಲಲಿಲ್ಲ. ಇದರಲ್ಲಿ ಅವರ ತಪ್ಪೂ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಕಾಲ ತಿರುಗಿದ್ದನ್ನು ಒಪ್ಪಿಕೊಳ್ಳಲು ಅವರ ಮನಸ್ಸು ತಡಮಾಡಿತು. ಮೆಚ್ಚಿದ ಜನವೂ ಅವರನ್ನು ಎಂದಿಗೂ ತರುಣಿಯಾಗಿಯೇ ಕಾಣಬಯಸಿ ಆ ತಪ್ಪಿಗೆ ನೀರೆರೆಯಿತು.

ಅವರು ಮತ್ತೆ ನಾಟಕಕ್ಕೆ ಮರಳಿದರು. ಆ ದಿನಗಳಲ್ಲಿ ಮಂಡಳಿಯನ್ನು ಸೇರಿದವರು ಗೋಹರಬಾಯಿ ಕರ್ನಾಟಕಿ. ಆಗಿನ ವಿಜಾಪುರ ಜಿಲ್ಲೆಯ, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಬೀಳಗಿಯವರು. ಇವರ ಸಹೋದರಿ ಅಮೀರಬಾಯಿ ಕರ್ನಾಟಕಿಯವರ ಹೆಸರು 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತು. ಒಬ್ಬ ಸಹೋದರಿ ತೆರೆಯನ್ನು ಹಿಡಿದು ಮೇಲೇರಿದರು. ಇನ್ನೊಬ್ಬರು ಇಳಿಗಾಲದ ರಂಗವನ್ನು ಹಿಡಿದು ನಿಂತರು. ಬಾಲಗಂಧರ್ವರ ಗಾಯನದ ವರಸೆಯನ್ನು ಗೋಹರಬಾಯಿಯಷ್ಟು ನಿಕಟವಾಗಿ ಕಂಠಗತ ಮಾಡಿಕೊಂಡವರು ವಿರಳ. 1951ರಲ್ಲಿ ಇಬ್ಬರೂ ಮದುವೆಯಾದರು. ಅಭಿಮಾನಿಗಳಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಆಡಿಕೊಂಡವರೂ ದೂರವಾದವರೂ ಇದ್ದರು. ಕಾಲು ಸೋತು ಕುಳಿತ ಮುದುಕ ನಟನನ್ನು ನೋಡಿಕೊಂಡು, ಕಷ್ಟದ ದಿನಗಳಲ್ಲಿ ಜೊತೆಗಿದ್ದ ಗೋಹರಬಾಯಿ 1964ರಲ್ಲಿ ಅವರಿಗಿಂತ ಮೊದಲೇ ಹೋದರು. 1955ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1964ರ ಪದ್ಮಭೂಷಣ, ಈ ಮನ್ನಣೆಗಳು ಬಂದಾಗ ರಂಗದ ಪರದೆಗಳೂ ರೇಷ್ಮೆಗಳೂ ಎಂದೋ ಚೆದುರಿಹೋಗಿದ್ದವು.

ಈಗ ಆರಂಭದ ಪ್ರಶ್ನೆಗೆ ಬರೋಣ. ತೆರೆ ಅವರ ಮುಖವನ್ನೂ ನಡೆಯನ್ನೂ ದನಿಯನ್ನೂ ಮೂರನ್ನೂ ಹಿಡಿಯಿತು. ಆದರೂ ಜನ ಬಯಸಿದ ಬಾಲಗಂಧರ್ವರು ಅದರಲ್ಲಿ ಸಿಕ್ಕಲಿಲ್ಲ. ಗ್ರಾಮಾಫೋನು ತಟ್ಟೆ ಬರಿಯ ದನಿಯನ್ನು, ಅದೂ ಮೂರು ನಿಮಿಷದಷ್ಟನ್ನು ಮಾತ್ರ ಹಿಡಿಯಿತು. ಅವರು ಅಲ್ಲಿ ಸಿಕ್ಕಿದರು. ಕಾರಣ ಇಷ್ಟೇ ಎಂದು ನನಗೆ ತೋರುತ್ತದೆ. ಅವರ ಕಲೆಯಲ್ಲಿ ಅರ್ಧ ಅವರದು, ಉಳಿದರ್ಧ ಕೇಳುವವರದು. ಚಿತ್ರ ಎಲ್ಲವನ್ನೂ ತಾನೇ ತೋರಿಸಿಬಿಟ್ಟಿತು. ನೋಡುವವರ ಪಾಲಿಗೆ ಏನನ್ನೂ ಉಳಿಸಲಿಲ್ಲ. ತಟ್ಟೆ ರುಕ್ಮಿಣಿಯ ಮುಖವನ್ನು ನಮಗೇ ಬಿಟ್ಟುಕೊಟ್ಟಿತು. ಸೀರೆ ಯಾವ ಬಣ್ಣದ್ದು, ಮುಡಿಗೆ ಯಾವ ಹೂವು ಎಂಬುದನ್ನು ಕೇಳುವವನೇ ತುಂಬಿಕೊಳ್ಳಬೇಕು. ನಾಟಕಶಾಲೆಯ ರಸಿಕನೂ ಮಾಡುತ್ತಿದ್ದುದು ಅದನ್ನೇ. ಎದುರಿಗಿದ್ದವನು ಗಂಡಸೆಂದು ತಿಳಿದಿದ್ದೂ ಅವನಲ್ಲಿ ರುಕ್ಮಿಣಿಯನ್ನು ಕಾಣುತ್ತಿದ್ದ.

ಹೀಗೆ ಕೇಳಿದವರಲ್ಲಿ ಒಬ್ಬರು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠರು. ಲೋಕ ಅವರನ್ನು ಕುಮಾರ ಗಂಧರ್ವರೆಂದು ಬಲ್ಲದು. 1965ರಲ್ಲಿ ಅವರು ‘ನನಗೆ ತಿಳಿದ ಬಾಲಗಂಧರ್ವ’ ಎಂಬರ್ಥದ ಹೆಸರಿನಲ್ಲಿ ಒಂದು ಗಾಯನ ಕಾರ್ಯಕ್ರಮವನ್ನು ನಡೆಸಿ, ಆ ನಾಟ್ಯಪದಗಳನ್ನು ನಕಲು ಮಾಡದೆ ತಮ್ಮ ರೀತಿಯಲ್ಲಿ ಹಾಡಿದರು. ಒಬ್ಬ ದೊಡ್ಡ ಗವಾಯಿ ನಾಟಕದ ಹಾಡುಗಾರನಿಗೆ ಸಲ್ಲಿಸಿದ ಗೌರವವದು; ಬಾಲಗಂಧರ್ವರು ಬದುಕಿರುವಾಗಲೇ ಸಂದಿತೆಂಬುದು ಸಂತೋಷದ ಸಂಗತಿ. ಪುಣೆಯಲ್ಲಿ ಅವರ ಹೆಸರಿನ ರಂಗಮಂದಿರಕ್ಕೆ 1962ರಲ್ಲಿ ಅವರ ಕೈಯಿಂದಲೇ ಅಡಿಗಲ್ಲು ಹಾಕಿಸಿದರು. 1968ರ ಜೂನ್ 26ರಂದು, ಅವರು ತೀರಿಕೊಂಡ ಮರುವರ್ಷದ ಹುಟ್ಟುಹಬ್ಬದ ದಿನ, ಅದರ ಬಾಗಿಲು ತೆರೆಯಿತು.

ಮುಂದೆ ಎಂದಾದರೂ ನಿಮ್ಮ ಮನೆಯ ಬಾನುಲಿಯಲ್ಲಿ ಆ ಕಂಠ ಕೇಳಿಸಿದರೆ, ದೀಪವನ್ನು ಸ್ವಲ್ಪ ಸಣ್ಣದು ಮಾಡಿ ಕುಳಿತುಕೊಳ್ಳಿ. ಮಾತು ತಿಳಿಯದಿದ್ದರೆ ಚಿಂತೆಯಿಲ್ಲ. ಹಾಡು ಮುಗಿದಾಗ ನಿಮಗೆ ತಿಳಿಯದೆಯೇ ‘ಇನ್ನೊಮ್ಮೆ’ ಎಂಬ ಮಾತು ಬಾಯಿಗೆ ಬಂದರೆ ನಾಚಿಕೊಳ್ಳಬೇಡಿ. ಪೆಟ್ಟಿಗೆಗೆ ಅದು ಕೇಳಿಸುವುದಿಲ್ಲ, ನಿಜ. ಆದರೆ ಆ ಮನುಷ್ಯ ಬದುಕಿದ್ದೇ ಆ ಒಂದು ಮಾತಿನ ಮೇಲೆ.